ಹಳ್ಳಿಯ ವಾಡೆಯನ್ನು ಹೋಟೆಲ್‌ಗೆ ಕೊಡಬಹುದಾ?

ಕೋಥ್ರೂಡ್ ಕನ್ನಡತಿ: ಪುಣೆ ಕಡೆಯ ಸಾಸವಡದ ಹತ್ತಿರ ಒಂದು ಹಳ್ಳಿಯಲ್ಲಿ ನಮ್ಮ ಯಜಮಾನರ ಸ್ನೇಹಿತರ ಹಳೇ ವಾಡೆ ಇದೆ, ಅಂದ್ರೆ ಅಂಗಳದ ಸುತ್ತ ಕಟ್ಟಿದ ದೊಡ್ಡ ಮನೆ. ಎರಡು ಚೌಕ, ಮೇಲೆ ಮಾಳಿಗೆ, ಎಲ್ಲಾ ಸಾಗವಾನಿ ಕಂಬ. ಮೊದಲು ಪಾಟೀಲರ ಮನೆ, ಆಮೇಲೆ ಕೆಳಗಡೆ ಶಾಲೆ, ಆಮೇಲೆ ಗೊಬ್ಬರದ ಗೋದಾಮು. ಈಗ ಖಾಲಿ. ಯಾರೋ ಬಂದು ಹೋಟೆಲ್ ಮಾಡ್ತೀವಿ, ಲೀಸ್‌ಗೆ ಕೊಡಿ ಅಂತಿದ್ದಾರೆ. ನನಗಂತೂ ಬೇಡ ಅನ್ನಿಸುತ್ತೆ. ದೇವರ ಮನೆ ಇದ್ದ ಜಾಗದಲ್ಲಿ ತಂದೂರಿ ಒಲೆ ಅಂದ್ರೆ! ನೀವೇನಂತೀರಿ?

ನಾರಾಯಣ ಪೇಠ ನಿವಾಸಿ: ಕೊಡಲಿ ಮೇಡಂ. ವಾಡೆಗೆ ಇದೇ ಕೆಲಸ ಅಂತ ಯಾವತ್ತೂ ಇರಲಿಲ್ಲ. ನಮ್ಮ ಪುಣೆಯ ವಿಶ್ರಾಮಬಾಗ್ ವಾಡೆಯನ್ನೇ ನೋಡಿ. ಮರಾಠರ ಪೇಶ್ವೆ, ಅಂದ್ರೆ ಪ್ರಧಾನಿ, ಆಗಿದ್ದ ಎರಡನೇ ಬಾಜೀರಾಯ ತಾನಿರೋದಕ್ಕೆ ಕಟ್ಟಿಸಿದ್ದು. ಪೇಶ್ವೆ ಆಡಳಿತ ಮುಗಿದ ಮೇಲೆ 1821ರಲ್ಲಿ ಅಲ್ಲಿ ಸಂಸ್ಕೃತ ಪಾಠಶಾಲೆ ಶುರುವಾಯಿತು. ಅದೇ ಬೆಳೆದು ಡೆಕ್ಕನ್ ಕಾಲೇಜ್ ಆಯಿತು. ಮುಂದೆ ನಗರಪಾಲಿಕೆಯೂ ಅಲ್ಲಿತ್ತು, ಅಂಚೆ ಕಚೇರಿಯೂ ಬಂತು. ಜನ ಓಡಾಡಿದ್ದಕ್ಕೇ ಆ ಕೆತ್ತನೆಯ ಬಾಲ್ಕನಿ ಇವತ್ತೂ ರಸ್ತೆಗೆ ಕಾಣುತ್ತಿದೆ.

ಹುಬ್ಬಳ್ಳಿ ಬಡಿಗೇರ: ಸರ್, ಅದೇ ವಿಶ್ರಾಮಬಾಗ್‌ಗೆ 1879ರಲ್ಲಿ ಬೆಂಕಿ ಬಿದ್ದಿದ್ದನ್ನ ಬಿಟ್ಟುಬಿಟ್ರಿ. ಪುಣೆಯಲ್ಲೇ ಇರೋ ಪೇಶ್ವೆಗಳ ಶನಿವಾರವಾಡೆ 1828ರಲ್ಲಿ ಸುಟ್ಟಿತು. ಈಗ ಅಲ್ಲಿ ನೋಡೋಕೆ ಕೋಟೆ ಗೋಡೆ, ಬಾಗಿಲು, ಕಲ್ಲಿನ ಅಡಿಪಾಯ ಇಷ್ಟೇ. ಮರದ ಮನೆ ಅಂದ ಮೇಲೆ ಮೊದಲು ಕೇಳಬೇಕಾದ್ದು ದೇವರ ಮನೆ ಎಲ್ಲಿತ್ತು ಅಂತಲ್ಲ, ಒಲೆ ಎಲ್ಲಿಡ್ತಾರೆ ಅಂತ.

ರಾಯಚೂರು ರೊಟ್ಟಿ: ಬಡಿಗೇರಣ್ಣ, ಹಳೇ ಕಾಲದಲ್ಲೂ ಒಳಗೇ ಸೌದೆ ಒಲೆ ಉರೀತಿತ್ತಲ್ವಾ? ಆಗ ಸುಡದ್ದು ಈಗ್ಯಾಕೆ ಸುಡುತ್ತೆ?

ಹುಬ್ಬಳ್ಳಿ ಬಡಿಗೇರ: ಮನೆ ಒಲೆ ಹೊತ್ತು ಹೊತ್ತಿಗೆ ಉರೀತದೆ. ಹೋಟೆಲ್ ಒಲೆ ಬೆಳಗಿಂದ ರಾತ್ರಿವರೆಗೆ. ಎಣ್ಣೆ ಹೊಗೆ ಮೇಲಿನ ಸಣ್ಣ ಅಡ್ಡಮರಗಳಿಗೆ, ಅಂದ್ರೆ ಜಂತೆಗೆ, ಅಂಟುತ್ತಾ ಹೋಗುತ್ತದೆ. ಜೊತೆಗೆ ಗ್ಯಾಸ್, ವೈರಿಂಗ್.

ಆದರೆ ನನಗೆ ಬೆಂಕಿಗಿಂತ ನೀರಿನ ಭಯ ಜಾಸ್ತಿ. ವಾಡೆಯಲ್ಲಿ ಮೇಲಿನ ಭಾರ ಹೊರೋದು ಗೋಡೆ ಅಲ್ಲ, ಕಂಬ ಮತ್ತು ತೊಲೆ. ಕಂಬ ಕಲ್ಲಿನ ಮೇಲೆ ನಿಂತಿರುತ್ತೆ, ತಲೆಯ ಮೇಲೆ ಬೋದಿಗೆ ಅನ್ನೋ ಮರದ ಅಡ್ಡ ತುಂಡು, ಅದರ ಮೇಲೆ ತೊಲೆ, ಆಮೇಲೆ ಜಂತೆ. ಒಂದರ ತುದಿಯನ್ನು ಇನ್ನೊಂದರ ತೂತಿಗೆ ಕೂರಿಸಿ ಮರದ ಬೆಣೆ ಹೊಡೆದಿರ್ತಾರೆ. ನಡುವಿನ ಇಟ್ಟಿಗೆ ಸುಮ್ನೆ ತುಂಬಿದ್ದು. ಇಟ್ಟಿಗೆ ಉದುರಿದ್ರೆ ಮತ್ತೆ ಕಟ್ಟಬಹುದು. ಕಂಬದ ಬುಡ ಕೊಳೆತರೆ ಮೇಲಿನ ಮಾಳಿಗೆಯೇ ಕೂರುತ್ತೆ.

ಹೋಟೆಲ್‌ನವರು ಮೊದಲು ಮಾಡೋದೇನು? ಚೆಂದ ಕಾಣಲಿ ಅಂತ ನೆಲಕ್ಕೆ ಟೈಲ್ಸ್, ಗೋಡೆಗೆ ಸಿಮೆಂಟ್ ಗಿಲಾವು. ಸುಣ್ಣದ ಗಾರೆಯಲ್ಲಿ ಹಸಿ ಆರುತ್ತೆ. ಸಿಮೆಂಟ್ ಹಾಕಿದರೆ ಒಳಗೇ ನಿಂತು ಮರಕ್ಕೆ ಇಳಿಯುತ್ತೆ. ಹೊರಗಿಂದ ಏನೂ ಕಾಣಲ್ಲ. ಕಂಬದ ಬುಡಕ್ಕೆ ಸ್ಕ್ರೂಡ್ರೈವರ್ ಒತ್ತಿ ನೋಡಿ, ಬೆಣ್ಣೆಗೆ ಹೋದ ಹಾಗೆ ಹೋದರೆ ಕಥೆ ಮುಗೀತು.

ಇನ್ನೊಂದು. ಗೊಬ್ಬರದ ಗೋದಾಮು ಅಂದ್ರಲ್ಲ, ಅದನ್ನ ಯಾಕೆ ಯಾರೂ ಕೇಳಲಿಲ್ಲ? ಗೊಬ್ಬರದ ಉಪ್ಪು ಗೋಡೆಯೊಳಗೆ ಸೇರಿದರೆ ಇಟ್ಟಿಗೆ ಪುಡಿ ಪುಡಿಯಾಗಿ ಉದುರುತ್ತೆ. ಹೋಟೆಲ್ ಮೇಲೆ ಸಿಟ್ಟಾಗೋ ಮುಂಚೆ ಅದನ್ನ ನೋಡಿಸಿ.

ಬೀದರ್‌ನವ: ಬಡಿಗೇರರು ಹೇಳಿದ್ದು ನಿಜ. 1993ರ ಸೆಪ್ಟೆಂಬರ್ 30ರಂದು ಮಹಾರಾಷ್ಟ್ರದ ಲಾತೂರ್ ಕಡೆ ಆದ ಕಿಲ್ಲಾರಿ ಭೂಕಂಪ ನೆನಪಿದೆಯಾ? ದಪ್ಪ ಕಲ್ಲು ಮಣ್ಣಿನ ಗೋಡೆ ಬಿದ್ದು ಜನ ಸತ್ತರು. ಎಷ್ಟೋ ಮನೆಗಳಲ್ಲಿ ಗೋಡೆ ಹೊರಗೆ ಉರುಳಿ, ಒಳಗಿನ ಮರದ ಕಂಬ ತೊಲೆ ಮಾತ್ರ ನಿಂತಿತ್ತು. ಮರ ಗಟ್ಟಿ ಇರೋತನಕ ಮನೆ ಇರುತ್ತೆ.

ಕೋಥ್ರೂಡ್ ಕನ್ನಡತಿ: ಕಂಬದ ಬುಡ ನೋಡಿಸ್ತೀವಿ. ಆದ್ರೂ ಶಾಲೆಯೋ, ಗ್ರಂಥಾಲಯವೋ ಆಗೋದು ಒಳ್ಳೇದಲ್ವಾ?

ನಾರಾಯಣ ಪೇಠ ನಿವಾಸಿ: ದುಡ್ಡು ಯಾರು ಕೊಡ್ತಾರೆ? ನಮ್ಮ ಪೇಠೆಯಲ್ಲಿ ಎಷ್ಟೋ ವಾಡೆಗಳಲ್ಲಿ ಹಳೇ ಬಾಡಿಗೆದಾರರು ಕೊಡೋದು ಒಂದು ಊಟಕ್ಕೂ ಸಾಲದ ಬಾಡಿಗೆ. ಯಜಮಾನ ಹೆಂಚು ಬದಲಾಯಿಸಲ್ಲ. ಬೀಳಲಿ, ಜಾಗ ಬಿಲ್ಡರ್‌ಗೆ ಕೊಡೋಣ ಅಂತ ಕಾಯ್ತಾನೆ. ಪುಣೆಯ ಭಿಡೆ ವಾಡೆ ಗೊತ್ತಲ್ಲ, 1848ರಲ್ಲಿ ಫುಲೆ ದಂಪತಿ ಹೆಣ್ಣುಮಕ್ಕಳ ಶಾಲೆ ತೆರೆದ ಮನೆ. ಅಂಥದ್ದೇ ಶಿಥಿಲವಾಗಿ, ಕೋರ್ಟು ಕಚೇರಿ ಸುತ್ತಿ, 2023ರ ಡಿಸೆಂಬರ್‌ನಲ್ಲಿ ನೆಲಸಮವಾಯಿತು.

ರಾಯಚೂರು ರೊಟ್ಟಿ: ಅಲ್ಲಿ ಸ್ಮಾರಕ ಬರುತ್ತೆ ಸರ್, ಅದೂ ಒಳ್ಳೇದೇ. ಅಲ್ಲಿ ಮುಖ್ಯ ಮರ ಅಲ್ಲ, ಅಲ್ಲಿ ಓದಿದ ಹುಡುಗಿಯರು.

ನಾರಾಯಣ ಪೇಠ ನಿವಾಸಿ: ಒಪ್ಪಲ್ಲ. ಆ ಹುಡುಗಿಯರು ಹತ್ತಿದ ಮೆಟ್ಟಿಲು ಬೇರೆ, ಫಲಕ ಬೇರೆ. ಹೋಗಲಿ, ಪಾಟೀಲರ ವಾಡೆಯ ವಿಷಯಕ್ಕೆ ಬನ್ನಿ.

ಹುಬ್ಬಳ್ಳಿ ಬಡಿಗೇರ: ಕೊಡೋದಾದ್ರೆ ಲೀಸಲ್ಲೇ ಬರೆಸಿ. ಅಡುಗೆಮನೆ ಹಿತ್ತಲಲ್ಲಿ ಬೇರೆ ಶೆಡ್ಡಲ್ಲಿ. ಮಾಳಿಗೆ ಮೇಲೆ ಶೌಚಾಲಯ ಬೇಡವೇ ಬೇಡ. ಪೈಪ್ ಹಾಕೋಕೆ ತೊಲೆ ಕೊರೆಯಬಾರದು. ಸಿಮೆಂಟ್ ಬೇಡ, ಸುಣ್ಣ ಮಾತ್ರ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸೋ ಖರ್ಚು ಅವರದ್ದು.

ಕೋಥ್ರೂಡ್ ಕನ್ನಡತಿ: ಈಗಷ್ಟೇ ಫೋನ್ ಮಾಡಿಸಿದೆ. ಸುಣ್ಣಕ್ಕೆ ಒಪ್ಪಿದ್ದಾರೆ. ಅಡುಗೆಮನೆ ಮಾತ್ರ ಹಿಂದಿನ ಚೌಕದಲ್ಲೇ ಬೇಕಂತೆ, ಬಾವಿ ಅಲ್ಲಿದೆಯಂತೆ.

ಹುಬ್ಬಳ್ಳಿ ಬಡಿಗೇರ: ಬಾವಿ ನೀರಿಗೆ ಪಂಪ್ ಇಲ್ವಾ? ಬೇಡ ಅನ್ನಿ.

ನಾರಾಯಣ ಪೇಠ ನಿವಾಸಿ: ಹೀಗೆ ಬೇಡ ಬೇಡ ಅಂತಿದ್ರೆ ಮತ್ತೆ ಗೊಬ್ಬರದವನೇ ಬರ್ತಾನೆ, ನೋಡ್ತಿರಿ.