ಯಾಗಿ ಆಂಟೆನಾ ತಿರುಗಿಸಿದಾಗ ಎರಡು ದಿಕ್ಕಿನಲ್ಲಿ ಮಾತ್ರ ಎಸ್‌ಡಬ್ಲ್ಯೂಆರ್ ಏರುತ್ತಿದೆ, ಕಾರಣ ಏನಿರಬಹುದು?

ಇಪ್ಪತ್ತು ಮೀಟರ್:
ನಮಸ್ಕಾರ ಎಲ್ಲರಿಗೂ. ಮನೆ ಪಕ್ಕದ 12 ಮೀಟರ್ ಟವರ್ ಮೇಲೆ ಹ್ಯಾಮ್ ರೇಡಿಯೋಗೆ 14 ಮೆಗಾಹರ್ಟ್ಸ್‌ನ 3 ಎಲಿಮೆಂಟ್ (ಅಡ್ಡ ಕೊಳವೆ) ಯಾಗಿ, ಅಂದರೆ ಒಂದೇ ದಿಕ್ಕಿಗೆ ಜೋರಾಗಿ ಹಿಡಿಯೋ ಆಂಟೆನಾ, ಏರಿಸಿದ್ದೇನೆ. ಏರಿಸೋ ಮೊದಲು ರಿಫ್ಲೆಕ್ಟರ್ (ಹಿಂದಿನ ಎಲಿಮೆಂಟ್) ನೆಲದ ಕಡೆ, ಬೂಮ್ (ಎಲಿಮೆಂಟ್‌ಗಳನ್ನು ಹಿಡಿದಿಡೋ ಉದ್ದ ಕೊಳವೆ) ಆಕಾಶದ ಕಡೆ ಮಾಡಿ ನಿಲ್ಲಿಸಿ ಟ್ಯೂನ್ ಮಾಡಿದ್ದೆ, 14.150ರಲ್ಲಿ ಎಸ್‌ಡಬ್ಲ್ಯೂಆರ್ (ಆಂಟೆನಾದಿಂದ ಶಕ್ತಿ ಎಷ್ಟು ವಾಪಸ್ ಬರುತ್ತದೆ ಅನ್ನೋ ಅಳತೆ, 1ಕ್ಕೆ ಹತ್ತಿರ ಇದ್ದಷ್ಟು ಒಳ್ಳೆಯದು) 1.3 ಇತ್ತು. ಮೇಲೆ ಹೋದ ಮೇಲೂ ಹೆಚ್ಚಿನ ದಿಕ್ಕಿನಲ್ಲಿ ಅಷ್ಟೇ ಇದೆ. ಆದರೆ ರೋಟೇಟರ್ ತಿರುಗಿಸುತ್ತಾ ಹೋದರೆ ಎರಡು ಕಡೆ 2.2ರ ತನಕ ಏರುತ್ತದೆ, ಸ್ವಲ್ಪ ಮುಂದೆ ಹೋದರೆ ಮತ್ತೆ ಸರಿ. ಆ ಎರಡು ಕಡೆ ಹಿಂದಿನಿಂದ ಬರುವ ಸ್ಟೇಷನ್‌ಗಳೂ ಜಾಸ್ತಿ ಜೋರಾಗಿ ಕೇಳುತ್ತವೆ. ಕೋಆಕ್ಸ್ ಕೇಬಲ್ ಹೊಸದು, ಅದು ಆಂಟೆನಾಗೆ ಸೇರೋ ಕಡೆ (ಫೀಡ್ ಪಾಯಿಂಟ್) ಕೇಬಲ್ ಹೊರಮೈಯ ಕರೆಂಟ್ ತಡೆಯೋ ಫೆರೈಟ್ ಚೋಕ್ ಇದೆ. ಮತ್ತೆ ಕೆಳಗಿಳಿಸಿ ಡ್ರಿವನ್ ಎಲಿಮೆಂಟ್ (ಕೇಬಲ್ ಸೇರೋ ಎಲಿಮೆಂಟ್) ಅಳತೆ ಬದಲಿಸಬೇಕಾ?

ಸೋಲ್ಡರ್ ಹೊಗೆ:
ಕನೆಕ್ಟರ್ ನೋಡಿ ಮೊದಲು. ರೋಟೇಟರ್ ಹತ್ತಿರ ಕೋಆಕ್ಸ್ ಸುತ್ತು ಬಿಟ್ಟಿರುತ್ತೀರಲ್ಲ, ಅದು ಎಳೆದುಕೊಂಡು ಬ್ರೇಡ್ (ಕೇಬಲ್ ಒಳಗಿನ ಹೆಣೆದ ತಂತಿ) ಬಿಟ್ಟಿರಬಹುದು. ಹತ್ತರಲ್ಲಿ ಒಂಬತ್ತು ಸಲ ಕನೆಕ್ಟರೇ.

ಹಳೇ ಏರಿಯಲ್:
ಆಂಟೆನಾ ಇಳಿಸಬೇಡಿ. ಡ್ರಿವನ್ ಎಲಿಮೆಂಟ್ ಅಳತೆ ತಪ್ಪಾಗಿದ್ದರೆ ಎಲ್ಲಾ ದಿಕ್ಕಿನಲ್ಲೂ ಒಂದೇ ರೀತಿ ಕೆಟ್ಟದಾಗಿ ತೋರಿಸಬೇಕಿತ್ತು ಅಲ್ವಾ? ಕೆಳಗೆ ಕೂತೇ ಎರಡು ವಿಷಯ ನೋಡಿ ಹೇಳಿ.

ಒಂದು, ಆ ಎರಡು ದಿಕ್ಕು ಒಂದಕ್ಕೊಂದು ಎದುರುಬದುರಾ, ಅಂದರೆ 180 ಡಿಗ್ರಿ ಅಂತರವಾ? ಎರಡು, ಎಡದಿಂದ ತಿರುಗಿಸಿ ಬಂದರೂ ಬಲದಿಂದ ಬಂದರೂ ಅದೇ ಡಿಗ್ರಿಯಲ್ಲಿ ಏರುತ್ತದಾ? ಸಡಿಲ ಕನೆಕ್ಟರ್ ಆಗಿದ್ದರೆ ಕೇಬಲ್ ಎಳೆತಕ್ಕೆ ತಕ್ಕಂತೆ ಬರುತ್ತದೆ, ಹೋಗುವಾಗ ಒಂದು ಕಡೆ, ಬರುವಾಗ ಇನ್ನೊಂದು ಕಡೆ, ಗಾಳಿ ಬಂದರೆ ಮೀಟರ್ ಮುಳ್ಳು ಕುಣಿಯುತ್ತದೆ. ಡಿಗ್ರಿ ಬದಲಾಗದೇ ಎದುರುಬದುರು ಬಂದರೆ ಅದು ಕೇಬಲ್ ಅಲ್ಲ, ಪಕ್ಕದಲ್ಲಿರೋ ಯಾವುದೋ ಲೋಹ.

ಇಪ್ಪತ್ತು ಮೀಟರ್:
ಸರಿಯಾಗಿ ಎದುರುಬದುರು. ಯಾವ ಕಡೆಯಿಂದ ತಿರುಗಿಸಿದರೂ ಅದೇ ಜಾಗ, ಗಾಳಿಗೂ ಅಲುಗುವುದಿಲ್ಲ. ಆದರೆ ಟವರ್ ಮೇಲೆ ಬೇರೆ ಯಾವ ಆಂಟೆನಾವೂ ಇಲ್ಲ, ಹತ್ತಿರ ಕರೆಂಟ್ ಲೈನೂ ಇಲ್ಲ. ಟವರನ್ನು ನೆಲಕ್ಕೆ ಎಳೆದು ಹಿಡಿಯೋ 3 ಗೈ ವೈರ್ ಇವೆ ಅಷ್ಟೇ. ಅವಕ್ಕೆಲ್ಲ ಮಧ್ಯೆ ಎಗ್ ಇನ್ಸುಲೇಟರ್ (ಕರೆಂಟ್ ದಾಟದ ಮೊಟ್ಟೆ ಆಕಾರದ ಪಿಂಗಾಣಿ) ಹಾಕಿದೆ, ಹಾಗಾಗಿ ಅವು ಕಾರಣ ಅಲ್ಲ ಅಂದುಕೊಂಡಿದ್ದೇನೆ.

ಹಳೇ ಏರಿಯಲ್:
ಇನ್ಸುಲೇಟರ್ ಇದೆ ಅಂತ ಬಿಡೋ ಹಾಗಿಲ್ಲ, ಎಲ್ಲಿ ಇದೆ ಅನ್ನೋದು ಮುಖ್ಯ. ಎರಡು ಇನ್ಸುಲೇಟರ್ ನಡುವಿನ ತುಂಡು ಎಷ್ಟು ಉದ್ದ? ಇನ್ನೊಂದು, ಎಸ್‌ಡಬ್ಲ್ಯೂಆರ್ ಏರಿದಾಗ ಬೂಮ್ ಬಿಡಿ, ಎಲಿಮೆಂಟ್‌ಗಳು ಯಾವ ಗೈ ವೈರ್‌ಗೆ ನೇರವಾಗಿ ಮೇಲೆ ಬರುತ್ತವೆ ನೋಡಿ.

ಇಪ್ಪತ್ತು ಮೀಟರ್:
ನೋಡಿದೆ. ಮನೆ ಹಿಂದಿನ ಗೈ ವೈರ್‌ಗೆ ಎಲಿಮೆಂಟ್ ಸಾಲಾಗಿ ಬಂದಾಗಲೇ! ಜಾಗ ಇಲ್ಲದೆ ಅದರ ಆಂಕರ್ ಮಾತ್ರ ದೂರ ಇದೆ, ಬುಡದಿಂದ 10 ಮೀಟರ್. ಉಳಿದೆರಡು 7 ಮೀಟರ್. ಉದ್ದದ ಗೈಯಲ್ಲಿ ಮೇಲಿಂದ 1 ಮೀಟರ್, ಆಮೇಲೆ 10 ಮೀಟರ್, ಕೆಳಗೆ 4 ಮೀಟರ್. ಉಳಿದೆರಡರಲ್ಲಿ ಮಧ್ಯದ ತುಂಡು 8 ಮೀಟರ್.

ಹಳೇ ಏರಿಯಲ್:
ಸಿಕ್ಕಿತು. ತಂತಿಯ ಅರ್ಧ ತರಂಗದ ಉದ್ದ ಹೆಚ್ಚು ಕಡಿಮೆ 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದಷ್ಟು ಮೀಟರ್, ಆ ಉದ್ದದ ತಂತಿ ಆ ಫ್ರೀಕ್ವೆನ್ಸಿಗೆ ತಾನಾಗಿ ಅನುರಣಿಸುತ್ತದೆ. 14.15ಕ್ಕೆ ಲೆಕ್ಕ ಹಾಕಿ, 10.1 ಬರುತ್ತದೆ. ನಿಮ್ಮ 10 ಮೀಟರ್ ತುಂಡು ಸುಮ್ನೆ ತಂತಿ ಅಲ್ಲ, ಯಾಗಿ ಕೆಳಗೆ ಓರೆಯಾಗಿ ನೇತಾಡುತ್ತಿರೋ ನಾಲ್ಕನೇ ಎಲಿಮೆಂಟ್. ಎಲಿಮೆಂಟ್‌ಗಳು ಅದರ ಜೊತೆ ಸಾಲಾದಾಗ ಜೋರಾಗಿ ಹಿಡಿಯುತ್ತದೆ, ಅಡ್ಡ ಆದಾಗ ಬಿಡುತ್ತದೆ. ಹಾಗಾಗಿಯೇ ಸುತ್ತಿನಲ್ಲಿ ಎರಡು ಸಲ. 8 ಮೀಟರ್ ತುಂಡುಗಳು 18 ಮೆಗಾಹರ್ಟ್ಸ್ ಹತ್ತಿರ ಬರುತ್ತವೆ, 14ಕ್ಕೆ ತೊಂದರೆ ಇಲ್ಲ. ನೆಲದಲ್ಲಿ ಟ್ಯೂನ್ ಮಾಡುವಾಗ ಈ ತಂತಿ ಹತ್ತಿರ ಇರಲೇ ಇಲ್ಲ, ಅದಕ್ಕೇ ಅಲ್ಲಿ ಎಲ್ಲಾ ಚೆನ್ನಾಗಿತ್ತು.

ಖರ್ಚು ಮಾಡೋ ಮೊದಲು ಒಂದು ಪರೀಕ್ಷೆ. ಕೆಳಗಿನ ಇನ್ಸುಲೇಟರ್ ನೆಲದಿಂದ 3 ಮೀಟರ್ ಎತ್ತರದಲ್ಲಿರಬೇಕು. ರೇಡಿಯೋ ಪೂರ್ತಿ ಆಫ್ ಮಾಡಿ, ಮೈಕ್ ಬಿಚ್ಚಿಟ್ಟು, ಅದರ ಮೇಲ್ಭಾಗಕ್ಕೆ ಅಂದರೆ 10 ಮೀಟರ್ ತುಂಡಿನ ತುದಿಗೆ 2 ಮೀಟರ್ ವೈರ್ ಕ್ಲಿಪ್ ಹಾಕಿ, ಬೇರೆ ಲೋಹಕ್ಕೆ ತಾಗದಂತೆ ಇಳಿಬಿಡಿ. ತುಂಡು 12 ಮೀಟರ್ ಆಗುತ್ತದೆ, ಅನುರಣನ 12 ಮೆಗಾಹರ್ಟ್ಸ್ ಹತ್ತಿರಕ್ಕೆ ಇಳಿಯುತ್ತದೆ. ಆಗ ಆ ಎರಡು ದಿಕ್ಕಿನ ಏರಿಕೆ ಕಡಿಮೆಯಾದರೆ ಅನುಮಾನವೇ ಬೇಡ.

ಇಪ್ಪತ್ತು ಮೀಟರ್:
ಮಾಡಿದೆ. ನ್ಯಾನೋವಿಎನ್‌ಎ ಅನ್ನೋ ಆಂಟೆನಾ ಅಳೆಯೋ ಮೀಟರ್‌ನಲ್ಲಿ ನೋಡಿದರೆ ಎಲ್ಲಾ ದಿಕ್ಕಿನಲ್ಲೂ 1.3, 1.4ರ ಆಚೆ ಹೋಗುತ್ತಿಲ್ಲ. ವೈರ್ ತೆಗೆದರೆ ಮತ್ತೆ 2.2. ಹಾಗಾದರೆ 10 ಮೀಟರನ್ನು ಮಧ್ಯಕ್ಕೆ ಕತ್ತರಿಸಿ ಇನ್ನೊಂದು ಇನ್ಸುಲೇಟರ್ ಹಾಕಿದರೆ ಸಾಕಲ್ವಾ?

ಹಳೇ ಏರಿಯಲ್:
14ಕ್ಕೆ ಸಾಕು, ಆದರೆ 5 ಮೀಟರ್ ತುಂಡು 28.6 ಮೆಗಾಹರ್ಟ್ಸ್‌ಗೆ ಕೂರುತ್ತದೆ. ನಾಳೆ ಅದೇ ಟವರ್ ಮೇಲೆ 28ರ ಆಂಟೆನಾ ಇಡಬೇಕು ಅನಿಸದೇ ಇರುತ್ತದಾ? ಮೂರು ಭಾಗ ಮಾಡಿ, ತಲಾ 3.3 ಮೀಟರ್. ಅದು 43 ಮೆಗಾಹರ್ಟ್ಸ್ ಹತ್ತಿರ ಬರುತ್ತದೆ, ಯಾವ ಎಚ್‌ಎಫ್ (3ರಿಂದ 30 ಮೆಗಾಹರ್ಟ್ಸ್) ಬ್ಯಾಂಡಿಗೂ ಸಿಗುವುದಿಲ್ಲ. ಎಗ್ ಇನ್ಸುಲೇಟರ್‌ನಲ್ಲಿ ಎರಡು ಕುಣಿಕೆ ಒಂದರೊಳಗೊಂದು ಕೊಂಡಿ ಬೀಳೋ ಹಾಗೆ ಕಟ್ಟಿ, ಆಗ ಪಿಂಗಾಣಿ ಒಡೆದರೂ ತಂತಿ ಬಿಡುವುದಿಲ್ಲ.

ಎತ್ತರದ ಕೆಲಸ:
ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ, ಈಗ ಮಧ್ಯೆ ಬಾಯಿ ಹಾಕಲೇಬೇಕು. ಇದ್ದ ಗೈ ವೈರನ್ನು ಸಡಿಲಿಸಿ ಕತ್ತರಿಸಿ ಮತ್ತೆ ಕಟ್ಟೋ ಯೋಚನೆ ಬೇಡವೇ ಬೇಡ, ಮೇಲೆ ಯಾಗಿ ಇದೆ, ಒಂದು ಗೈ ಹೋದರೆ ಟವರ್ ಇನ್ನೆರಡರ ಕಡೆ ವಾಲುತ್ತದೆ, ಅಷ್ಟರಲ್ಲಿ ಗಾಳಿ ಎದ್ದರೆ ಮುಗಿಯಿತು. ಹೊಸ ಗೈಯನ್ನು ಇನ್ಸುಲೇಟರ್ ಸಮೇತ ನೆಲದಲ್ಲೇ ಪೂರ್ತಿ ತಯಾರು ಮಾಡಿ. ಹಳೆಯದು ಬಿಗಿಯಾಗಿರುವಾಗಲೇ ಅದರ ಪಕ್ಕದಲ್ಲಿ ಬೇರೆ ಶಾಕಲ್‌ಗೆ (ಲೋಹದ ಕೊಂಡಿ) ಹೊಸದನ್ನು ಸಿಕ್ಕಿಸಿ, ಇಳಿದು ಬಂದು ಬಿಗಿ ಮಾಡಿ, ಟವರ್ ನೆಟ್ಟಗಿದೆಯಾ ನೋಡಿ. ಆಮೇಲೆ ಹಳೆಯದನ್ನು ಕೆಳಗಿನಿಂದ ಸಡಿಲಿಸಿ. ಸಡಿಲಿಸುವಾಗ ಮೇಲೆ ಯಾರೂ ಇರಬಾರದು. ಬಿಗಿತ ಮಾಮೂಲಿಯಾಗಿ ತಂತಿ ತುಂಡಾಗೋ ಭಾರದ 10 ಪರ್ಸೆಂಟ್ ಹತ್ತಿರ ಇರಲಿ. ಹತ್ತುವಾಗ ಸೇಫ್ಟಿ ಬೆಲ್ಟ್‌ಗೆ ಎರಡು ಕೊಂಡಿ ಇಟ್ಟುಕೊಳ್ಳಿ, ಒಂದನ್ನು ಬಿಚ್ಚೋ ಮೊದಲು ಇನ್ನೊಂದು ಸಿಕ್ಕಿಸಿರಬೇಕು.

ಸೋಲ್ಡರ್ ಹೊಗೆ:
ನನ್ನ ಒಂಬತ್ತು ಸಲ ಹಾಗೇ ಇರಲಿ, ಇದು ಹತ್ತನೆಯದು.

ಇಪ್ಪತ್ತು ಮೀಟರ್:
ಹೊಸ ಗೈ ಹಾಕಿ ಆಯಿತು, ಹೇಳಿದ ಕ್ರಮದಲ್ಲೇ. ಪೂರ್ತಿ ಸುತ್ತು ತಿರುಗಿಸಿದರೂ 1.3ರಿಂದ 1.4. ಹಿಂದಿನ ಸ್ಟೇಷನ್‌ಗಳು ಈಗ ಎಲ್ಲಾ ದಿಕ್ಕಿನಲ್ಲೂ ಒಂದೇ ರೀತಿ ತಗ್ಗುತ್ತವೆ.

ಎತ್ತರದ ಕೆಲಸ:
ಗೈ ಬಿಗಿ ಮಾಡೋ ಟರ್ನ್‌ಬಕಲ್ ತಿರುಗದ ಹಾಗೆ ಅದರೊಳಗೆ ತಂತಿ ಹಾಯಿಸಿದ್ದೀರಾ?

ಇಪ್ಪತ್ತು ಮೀಟರ್:
ಹಾಯಿಸಿದ್ದೇನೆ, ಮೂರಕ್ಕೂ.