ಅಪ್‌ಡೇಟ್: ಕಾರು ಸರಿಹೋಯ್ತು, ತಪ್ಪು ಬ್ಯಾಟರಿಯದ್ದಲ್ಲ

ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಡ್ಯಾಶ್‌ಬೋರ್ಡ್ ದೀಪಗಳೆಲ್ಲ ಮಿಣಮಿಣ ಅಂತವೆ, ಸ್ಟೀರಿಂಗ್ ಕಲ್ಲಿನಂತಾಗುತ್ತದೆ, ಆಲ್ಟರ್ನೇಟರ್‌ಗೆ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಭಾಗ) ರೀಕಾಲ್ (ದೋಷವಿರುವ ಭಾಗವನ್ನು ಕಂಪನಿಯೇ ಪುಕ್ಕಟೆ ಸರಿಮಾಡಿಕೊಡುವುದು) ಇದ್ದರೂ ನಾಲ್ಕು ತಿಂಗಳಿಂದ ಪಾರ್ಟ್ ಬಂದಿಲ್ಲ ಎಂದು ಹೋದ ತಿಂಗಳು ಕೇಳಿದ್ದೆನಲ್ಲ, ಅದೇ ಕಾರು. ಈಗ ಸರಿಯಾಗಿದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಬ್ಯಾಟರಿ ಬದಲಿಸಿ ಅಂದವರ ಮಾತು ಕೇಳಿ ಹೊಸದು ಹಾಕಿಸಿದೆ. ಮೂರೇ ದಿನ. ಮದ್ದೂರಿನಲ್ಲಿ ವಡೆ ತಿಂದು ಬರುವಷ್ಟರಲ್ಲಿ ಮತ್ತೆ ಸ್ಟಾರ್ಟ್ ಆಗಲಿಲ್ಲ. ಟರ್ಮಿನಲ್ ಉಜ್ಜಿದ್ದೂ ದಂಡ.

ಕೆಲಸಕ್ಕೆ ಬಂದದ್ದು ಮಲ್ಟಿಮೀಟರ್ ಸಲಹೆ. ನಮ್ಮ ಬೀದಿಯ ಆಟೋ ಎಲೆಕ್ಟ್ರಿಷಿಯನ್ ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಗೆ ಮೀಟರ್ ಹಿಡಿದರು. 13.8ರಿಂದ 14.4 ವೋಲ್ಟ್ ಬರಬೇಕು. ಬಂದದ್ದು 12.1. ಹೆಡ್‌ಲೈಟ್ ಹಾಕಿದರೆ 11.7. "ನಲ್ಲೀಲೇ ನೀರಿಲ್ಲ ಸಾರ್, ಹೊಸ ಕೊಡ ತಂದ್ರೆ ಏನ್ ಬಂತು?" ಅಂದರು.

ಮೀಟರಿನ ಫೋಟೋ, ಜಾಬ್ ಕಾರ್ಡ್, 17 ಅಕ್ಷರ-ಅಂಕಿಗಳ ಚಾಸಿ ನಂಬರ್ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ. ಇದನ್ನೂ ನಿಮ್ಮಲ್ಲೊಬ್ಬರು ಹೇಳಿದ್ದು. ಅಲ್ಲಿಯವರೆಗೆ "ನಾಳೆ ಹೇಳ್ತೀವಿ ಸಾರ್" ಅಂತಿದ್ದ ಮೈಸೂರಿನ ಸರ್ವಿಸ್ ಸೆಂಟರಿನವರು ಹನ್ನೆರಡನೇ ದಿನ ತಾವೇ ಫೋನ್ ಮಾಡಿದರು! ಆಲ್ಟರ್ನೇಟರ್ ಬದಲಿಸಿಕೊಟ್ಟರು. ಅರ್ಧ ದಿನದ ಕೆಲಸ, ಒಂದು ಪೈಸೆ ತಗೊಳ್ಳಲಿಲ್ಲ.

ಆಶ್ಚರ್ಯವಾದದ್ದು ಇನ್ನೊಂದು. ನನ್ನದು ಸೆಕೆಂಡ್ ಹ್ಯಾಂಡ್ ಕಾರು, ವಾರಂಟಿ ಮುಗಿದು ಎರಡು ವರ್ಷ. ರೀಕಾಲ್‌ಗೆ ಅದ್ಯಾವುದೂ ಅಡ್ಡ ಬರಲಿಲ್ಲ. ನೋಟಿಸ್ ಮಾತ್ರ ಹಳೇ ಮಾಲೀಕರ ಮನೆಗೆ ಹೋಗಿತ್ತು. ಹಾಗಾಗಿ ಹಳೇ ಕಾರು ಕೊಂಡವರು ಸುಮ್ನೆ ಕಾಯಬೇಡಿ, ಚಾಸಿ ನಂಬರ್ ಕೊಟ್ಟು ನೀವೇ ವಿಚಾರಿಸಿ.

ಬ್ಯಾಟರಿ ದುಡ್ಡು ಹೋದದ್ದು ಹೋಯ್ತು.