ಶಿವಮೊಗ್ಗದಲ್ಲಿ ಸೈಟೋ, ಮನೆಯೋ? ಬೀಗದ ಕೈ ಯಾರ ಹತ್ತಿರ?

ಹೊರದೇಶದಲ್ಲಿರುವ ನಮ್ಮ ಕನ್ನಡಿಗರ ಗುಂಪಿನಲ್ಲಿ ಮತ್ತೆ ಅದೇ ಪ್ರಶ್ನೆ ಬಂದಿದೆ. ಊರ ಕಡೆ ದುಡ್ಡು ಹಾಕುವುದಾದರೆ ಶಿವಮೊಗ್ಗದಲ್ಲಿ ಸೈಟ್ ಒಳ್ಳೆಯದೋ, ಕಟ್ಟಿದ ಮನೆಯೋ, ಇಲ್ಲ ತೀರ್ಥಹಳ್ಳಿ ಕಡೆ ಒಂದು ಅಡಿಕೆ ತೋಟವೋ?

ತೋಟದ ಮಾತು ಮೊದಲೇ ಮುಗಿಸಿಬಿಡೋಣ. ವಿದೇಶಿ ವಿನಿಮಯದ ಕೇಂದ್ರ ಕಾನೂನಾದ ಫೆಮಾ ಪ್ರಕಾರ ನಮ್ಮಂಥ ಅನಿವಾಸಿಗಳು ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವ ಹಾಗಿಲ್ಲ. ಕರ್ನಾಟಕದಲ್ಲಿ 2020ರ ಭೂಸುಧಾರಣಾ ತಿದ್ದುಪಡಿ ಆದಮೇಲೆ ಯಾರು ಬೇಕಾದರೂ ಕೊಳ್ಳಬಹುದು ಎಂದು ಏಜೆಂಟರು ಹೇಳಿದರೆ ನಂಬಬೇಡಿ. ಆ ತಿದ್ದುಪಡಿಯಿಂದ ಫೆಮಾ ಬದಲಾಗಿಲ್ಲ. ಹಿರಿಯರಿಂದ ಪಾಲಿಗೆ ಬಂದ ತೋಟ ಇಟ್ಟುಕೊಳ್ಳಬಹುದು, ಅಷ್ಟೇ.

2023ರಲ್ಲಿ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಸೈಟ್ ಆಸೆ ಎಲ್ಲರಿಗೂ ಜಾಸ್ತಿಯಾಗಿದೆ. ಊರಾಚೆಯ ಸೈಟಿನ ಬೆಲೆ ಏರಬಹುದು, ಇಲ್ಲ ಅನ್ನಲ್ಲ. ಆದರೆ ಬಡಾವಣೆಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ನೋಡಬೇಕು, ಇ-ಖಾತೆ, ಅಂದರೆ ಆಸ್ತಿಯ ಡಿಜಿಟಲ್ ಖಾತೆ, ಇದೆಯಾ ಕೇಳಬೇಕು. ಒಂದು ಮಳೆಗಾಲ ಕಳೆದರೆ ಲಂಟಾನ ಕಳೆ ಬೆಳೆದು ಗಡಿಕಲ್ಲು ಕಾಣುವುದಿಲ್ಲ. ಅಲ್ಲಿ ಹೋಗಿ ನಿಂತು ನೋಡುವವರು ಯಾರು? ವಯಸ್ಸಾದ ಅಪ್ಪನನ್ನೇ ಓಡಾಡಿಸುತ್ತೇವೆ, ಅಲ್ವಾ? ಲಾಭದ ಲೆಕ್ಕದಲ್ಲಿ ಅವರ ಓಡಾಟವನ್ನು ಯಾರೂ ಕಳೆಯುವುದಿಲ್ಲ. ನನಗೆ ಬೇಜಾರಾಗುವುದು ಇದೇ.

ಮನೆಯ ಲೆಕ್ಕ ಬೇರೆ. 60 ಲಕ್ಷದ ಮನೆಗೆ ತಿಂಗಳಿಗೆ 15 ಸಾವಿರ ಬಾಡಿಗೆ ಬಂತು ಅಂದುಕೊಳ್ಳಿ. ವರ್ಷಕ್ಕೆ 1.8 ಲಕ್ಷ, ಶೇ. 3. ಅದರಲ್ಲಿ ಕಂದಾಯ, ಸುಣ್ಣಬಣ್ಣ, ರಿಪೇರಿ. ಮನೆ ಮಾಲೀಕ ಅನಿವಾಸಿಯಾದರೆ ಬಾಡಿಗೆದಾರ ಶೇ. 31.2 ಟಿಡಿಎಸ್ (ಹಣ ಕೊಡುವಾಗಲೇ ಕಳೆದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಹಿಡಿಯಬೇಕು. ರಿಟರ್ನ್ಸ್ ಹಾಕಿ ಹೆಚ್ಚಿನದನ್ನು ವಾಪಸ್ ಪಡೆಯಬೇಕು. ಅನಿವಾಸಿಗಳು ಹೊರಗಿನ ದುಡಿಮೆಯನ್ನು ಇಡುವ ಎನ್‌ಆರ್‌ಇ ಬ್ಯಾಂಕ್ ಠೇವಣಿಯಲ್ಲಿ ಇದಕ್ಕಿಂತ ಜಾಸ್ತಿ ಬಡ್ಡಿ ಸಿಗುತ್ತದೆ, ಅದಕ್ಕೆ ಭಾರತದಲ್ಲಿ ತೆರಿಗೆಯೂ ಇಲ್ಲ. ಹಾಗಾಗಿ ಬರೀ ಲಾಭ ಬೇಕಿದ್ದರೆ ಮನೆ ಬೇಡ.

ಆದರೂ ನನ್ನ ಮತ ಮನೆಗೇ, ಅದೂ ಪೇಟೆಯೊಳಗಿನ ಮನೆಗೆ. ವಿನೋಬನಗರ, ಗೋಪಾಳ, ರವೀಂದ್ರನಗರ, ಎಲ್ಲಾದರೂ ಸರಿ. ನೆಲಮಹಡಿ ಇರಲಿ, ಆಸ್ಪತ್ರೆ, ಔಷಧಿ ಅಂಗಡಿ ಹತ್ತಿರವಿರಲಿ. ಅಪ್ಪ ಅಮ್ಮ ಈಗಲೇ ಅಲ್ಲಿ ಇರಬಹುದು, ನೆಂಟರ ಕೈಯಲ್ಲಿ ಬೀಗದ ಕೈ ಇರುತ್ತದೆ.

ಮಕ್ಕಳ ವಿಷಯವೂ ಇದೆ. ಇಲ್ಲಿ ಶಾಲೆಗೆ ರಜೆ ಸಿಗುವುದು ಜುಲೈ, ಆಗಸ್ಟ್‌ನಲ್ಲಿ. ಅಲ್ಲಿ ಆಗ ಪುನರ್ವಸು, ಪುಷ್ಯ ಮಳೆ. ವರ್ಷವೆಲ್ಲ ಬೀಗ ಹಾಕಿದ ಹಂಚಿನ ಮನೆಗೆ ಆ ಹೊತ್ತಲ್ಲಿ ಮಕ್ಕಳನ್ನು ಕರೆದುಕೊಂಡು ಹೋದರೆ ಗೊತ್ತಾಗುತ್ತದೆ. ಮೆಟ್ಟಿಲ ಮೇಲೆ ಪಾಚಿ, ನೀರು ಕುಡಿದು ಉಬ್ಬಿ ತೆಗೆಯಲು ಬಾರದ ಕಿಟಕಿ, ಬೀರುವಿನ ಬಟ್ಟೆಗೆಲ್ಲ ಬೂಷ್ಟು, ಗೋಡೆ ಮೇಲೆ ಗೆದ್ದಲಿನ ಗೆರೆ. ಮೊದಲ ವಾರ ತೊಳೆಯುವುದರಲ್ಲೇ ಹೋಗುತ್ತದೆ. ಅಜ್ಜಿ ವಾಸವಿರುವ ಮನೆಯಲ್ಲಿ ಅದೇ ವಾರ ಮಕ್ಕಳು ಪಕ್ಕದ ಮನೆ ಹುಡುಗರ ಜೊತೆ ಕನ್ನಡದಲ್ಲೇ ಜಗಳ ಆಡುತ್ತಿರುತ್ತಾರೆ. ಆ ಕನ್ನಡಕ್ಕಾಗಿ ನಾನು ಶೇ. 3 ಬಾಡಿಗೆಯನ್ನೂ ಬಿಟ್ಟುಕೊಡಲು ತಯಾರಿದ್ದೇನೆ.

ಕೊಳ್ಳುವವರು ಮಾರುವ ದಿನವನ್ನೂ ಯೋಚಿಸಿ. ಮಾರುವವರು ಅನಿವಾಸಿಯಾದರೆ ಕೊಳ್ಳುವವರು ಹಿಡಿಯುವ ಟಿಡಿಎಸ್ ಊರಲ್ಲಿರುವವರ ಶೇ. 1ಕ್ಕಿಂತ ಬಹಳ ಜಾಸ್ತಿ. ಕಡಿಮೆ ಹಿಡಿಯುವಂತೆ ಆದಾಯ ತೆರಿಗೆ ಇಲಾಖೆಯಿಂದ ಪ್ರಮಾಣಪತ್ರ ತರಬಹುದು. ಮಾತುಕತೆ ಶುರುವಾದಾಗಲೇ ಅರ್ಜಿ ಹಾಕಿ, ಅದು ಕೈಗೆ ಬರಲು ವಾರಗಟ್ಟಲೆ ಹಿಡಿಯುತ್ತದೆ.